ಖಾಯಂ ಕುರ್ಚಿಯ ಮೇಲೆ ಬುತ್ತಿ

ಸರಕಾರಿ ಪ್ರೌಢಶಾಲೆ, ಉಪ್ಪಿನಹೊಂಡ
ಮುಂದಿನ ಆದೇಶ ಶಕೆ ೧೬೩, ಬಾಕಿ ಮಾಸ, ಐವತ್ತೊಂದನೆಯ ತಾರೀಖು

ಸರಕಾರಿ ಪ್ರೌಢಶಾಲೆಗಳನ್ನು ಸುಧಾರಿಸಲು ಸಭೆ ಕೂತಿರುವ ಸಮಿತಿಯ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಿಂದ ಗಣಿತ ಶಿಕ್ಷಕಿ ಫಕೀರವ್ವ ಮೆಣಸಿನಕಾಯಿ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಿದ್ದೀರಿ ಎಂದು ಗೊತ್ತು. ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ನಮ್ಮ ಶಕೆ ಯಾವ ರಾಜನ ಪಟ್ಟಾಭಿಷೇಕದಿಂದಲೂ ಶುರುವಾದದ್ದಲ್ಲ. ನಿಮ್ಮ ಕಾಲದಲ್ಲಿ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಆ ಜಾಗಕ್ಕೆ ಬೇರೆಯವರನ್ನು ಕಳಿಸುವ ಬದಲು, ಇದ್ದ ಶಿಕ್ಷಕರಲ್ಲೇ ಒಬ್ಬರಿಗೆ ಪ್ರಭಾರ ವಹಿಸಿ ಆದೇಶ ಬಂತು. ಖಾಯಂ ಮುಖ್ಯೋಪಾಧ್ಯಾಯರು ಬಂದು ಆಸನ ಸ್ವೀಕರಿಸುವವರೆಗೆ, ಅಥವಾ ಮುಂದಿನ ಆದೇಶದವರೆಗೆ, ಎಂದು ಅದರಲ್ಲಿತ್ತು. ಆ ಮುಂದಿನ ಆದೇಶಕ್ಕೆ ನಾವು ಕಾಯತೊಡಗಿದ ದಿನದಿಂದ ವರ್ಷಗಳನ್ನು ಎಣಿಸುತ್ತಿದ್ದೇವೆ. ಬೇರೆ ಊರುಗಳಲ್ಲೂ ಹೀಗೇ ಆಗಿದ್ದರಿಂದ ಶಕೆ ಎಲ್ಲರಿಗೂ ಒಪ್ಪಿಗೆಯಾಯಿತು.

ಇನ್ನು ಬಾಕಿ ಮಾಸ. ಪಠ್ಯ ಯಾವ ವರ್ಷವೂ ಮುಗಿಯುತ್ತಿರಲಿಲ್ಲ. ಪಾಠ ಕಡಿಮೆ ಮಾಡಿ ಎಂದು ಒಂದು ಸಮಿತಿ, ಓಟ ಹೆಚ್ಚಿಸಿ ಎಂದು ಇನ್ನೊಂದು ಸಮಿತಿ ಹಟ ಹಿಡಿದವು. ಮೂರನೆಯ ಸಮಿತಿ ಇಬ್ಬರಿಗೂ ಬೇಸರವಾಗದಂತೆ ವರ್ಷಕ್ಕೇ ಒಂದು ತಿಂಗಳು ಸೇರಿಸಿ, ಮಾರ್ಚಿಗೂ ಏಪ್ರಿಲಿಗೂ ನಡುವೆ ಕೂರಿಸಿತು. ಅದಕ್ಕೆ ಎಷ್ಟು ದಿನ ಎಂದು ಬರೆಯುವುದನ್ನು ಮಾತ್ರ ಮರೆತರು. ಹಾಗಾಗಿ ಪಾಠ ಮುಗಿಯುವವರೆಗೆ ತಿಂಗಳು ನಡೆಯುತ್ತದೆ, ತಿಂಗಳು ಮುಗಿದ ಸೋಮವಾರ ಹತ್ತನೆಯ ತರಗತಿಯ ಪರೀಕ್ಷೆ ಶುರುವಾಗುತ್ತದೆ. ಸಾಮಾನ್ಯವಾಗಿ ಮೂವತ್ತು ದಿನಕ್ಕೆಲ್ಲ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆವು. ಈ ಸಲ ಐವತ್ತೊಂದಕ್ಕೆ ಬಂದು ನಿಂತಿದ್ದೇವೆ, ಪಂಚಾಂಗದವರು ದಿನಾ ಬಂದು ಬೈದು ಹೋಗುತ್ತಿದ್ದಾರೆ. ಹೀಗೇಕಾಯಿತು ಎಂದು ಹೇಳುವುದಕ್ಕೇ ಈ ಪತ್ರ ಬರೆಯಲು ಕೂತಿದ್ದು.

ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಾವು ಮನೆಯಲ್ಲಿ ಆಡುವ ಕನ್ನಡ ನಿಮಗೆ ಅರ್ಧವೂ ತಿಳಿಯಲಿಕ್ಕಿಲ್ಲ. ಆದ್ದರಿಂದ ನಮ್ಮ ಕನ್ನಡ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳಗನ್ನಡದಲ್ಲಿ, ಅಂದರೆ ನಿಮ್ಮ ಕನ್ನಡದಲ್ಲಿ, ಬರೆಯುತ್ತಿದ್ದೇನೆ. ಜನ ಆಡಿದ ಮಾತುಗಳನ್ನು ನಿಮ್ಮ ಕಾಲದ ನಮ್ಮೂರಿನವರು ಆಡುತ್ತಿದ್ದ ಹಾಗೆ ತಿರುಗಿಸಿದ್ದೇನೆ. ಪತ್ರ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ, ಊರಿಗೆ ವರ್ಷಕ್ಕೊಂದೇ ಪತ್ರ. ಹೆಚ್ಚಿನ ವರ್ಷ ಅದನ್ನು ಯಾರಾದರೂ ತಮ್ಮ ಮುತ್ತಜ್ಜನಿಗೆ ಹೊಲ ಮಾರಬೇಡ ಎಂದು ಬರೆಯಲು ಬಳಸುತ್ತಾರೆ, ಮುತ್ತಜ್ಜ ಹೇಗೂ ಮಾರಿರುತ್ತಾನೆ. ಈ ವರ್ಷ ಊರವರು ತಮ್ಮ ಸರದಿಯನ್ನು ಶಾಲೆಗೆ ಬಿಟ್ಟುಕೊಟ್ಟರು.

ನಮ್ಮ ಶಾಲೆ ನೀವು ನೋಡಿದ ಶಾಲೆಯ ಹಾಗಿಲ್ಲ. ಬಿಸಿಲು ತಡೆಯಲಾರದೆ ತರಗತಿಗಳು ನೆಲದೊಳಗೆ ಇಳಿದಿವೆ. ಮೇಲೆ ಉಳಿದಿರುವುದು ಅಂಗಳ, ಬೇವಿನ ಮರ, ಅಡುಗೆಮನೆ, ಮತ್ತು ನಾನೀಗ ಹೇಳಲಿರುವ ಕುರ್ಚಿ. ಹಾಜರಿಯನ್ನು ನಾವು ಕೂಗುವುದಿಲ್ಲ, ಬಾಗಿಲೇ ಉಸಿರು ಗುರುತಿಸಿ ಹಾಕಿಕೊಳ್ಳುತ್ತದೆ. ಇದನ್ನು ಉಸಿರುಹಾಜರಿ ಎನ್ನುತ್ತೇವೆ. ತಂದವರು ದೊಡ್ಡ ಊರಿನ ಜಾಣರು, ನಮ್ಮ ಕಡೆಯ ಮಕ್ಕಳು ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಕಚ್ಚಿಕೊಂಡು ಬರುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲ ವರ್ಷ ಬಾಗಿಲಿನ ಲೆಕ್ಕದಲ್ಲಿ ಇಡೀ ಶಾಲೆಗೆ ಒಬ್ಬನೇ ಹುಡುಗ ಬರುತ್ತಿದ್ದ, ದಿನವಿಡೀ ಒಳಗೆ ಹೋಗುತ್ತಲೇ ಇದ್ದ.

ಪಾಠ ಹೇಳಲು ಪ್ರತಿ ಮನೆಯಲ್ಲೂ ಹೇಳುಗಲ್ಲು ಇದೆ. ಅಂಗೈಯಗಲದ ಕಲ್ಲು, ಏನು ಕೇಳಿದರೂ ಹೇಳುತ್ತದೆ. ಹಾಗಾದರೆ ಶಾಲೆ ಯಾಕೆ ಎಂದು ನಿಮಗನ್ನಿಸಬಹುದು. ನಮ್ಮ ಹಿಂದಿನವರಿಗೂ ಅನ್ನಿಸಿ, ಹಲವು ವರ್ಷ ಶಾಲೆಗಳನ್ನೇ ಮುಚ್ಚಿ ನೋಡಿದರು. ಮಕ್ಕಳು ಕಲ್ಲಿಗೆ ತಮಗೆ ಗೊತ್ತಿದ್ದನ್ನೇ ಕೇಳುತ್ತಾ ಕೂತರು. ಗೊತ್ತಿಲ್ಲದ್ದನ್ನು ಕೇಳುವುದಕ್ಕೆ ಕಲ್ಲಿನ ಮುಂದೆ ಕೂಡ ನಾಚಿಕೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಶಾಲೆ ಮುಚ್ಚುವುದಕ್ಕೆ ಮೊದಲು ವಿಲೀನದ ಕಾಲವೊಂದಿತ್ತು. ಮಕ್ಕಳು ಕಡಿಮೆಯೆಂದು ಎರಡು ಶಾಲೆ ಸೇರಿಸಿದರು. ಸೇರಿಸಿದ ಮೇಲೆ ಶಾಲೆ ದೂರವಾಯಿತೆಂದು ಮಕ್ಕಳು ಇನ್ನೂ ಕಡಿಮೆಯಾದರು, ಮತ್ತೆ ಸೇರಿಸಿದರು. ಕೊನೆಗೆ ರಾಜ್ಯಕ್ಕೆಲ್ಲ ಒಂದೇ ಪ್ರೌಢಶಾಲೆ ಉಳಿಯಿತಂತೆ. ಅಲ್ಲಿ ಪ್ರಾರ್ಥನೆಯ ಸಾಲು ಮುಂದಿನಿಂದ ಹಿಂದಿನವರೆಗೆ ಮುಟ್ಟುವಷ್ಟರಲ್ಲಿ ಮುಂದಿನ ಮಕ್ಕಳಿಗೆ ಮೀಸೆ ಬರುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮಜ್ಜಿ ಸ್ವಲ್ಪ ಬಣ್ಣ ಕಟ್ಟಿ ಹೇಳುವವಳು. ಆಮೇಲೆ ವಿಭಜನೆಯ ಕಾಲ ಬಂತು. ಒಡೆದು ಒಡೆದು ಮಗುವಿಗೊಂದು ಶಾಲೆಯಾಯಿತು. ಪ್ರತಿ ಮಗುವೂ ತನ್ನ ಗಂಟೆಯನ್ನು ತಾನೇ ಹೊಡೆದುಕೊಂಡು ತನ್ನ ವಾರ್ಷಿಕೋತ್ಸವಕ್ಕೆ ತಾನೇ ಅತಿಥಿಯಾಯಿತು. ಸುಸ್ತಾದ ಜನ ಕಡೆಗೆ ಊರಿಗೊಂದು ಶಾಲೆ ಸಾಕು ಎಂದರು. ಇದನ್ನು ನಮ್ಮ ಇತಿಹಾಸದಲ್ಲಿ ಮಹಾ ಸುಧಾರಣೆ ಎಂದು ಕರೆಯುತ್ತಾರೆ. ಅದು ನಿಮ್ಮ ಕಾಲದಲ್ಲೇ ಇತ್ತು ಎಂದು ಕನ್ನಡ ಮಾಸ್ತರರು ಪಿಸುಗುಟ್ಟುತ್ತಿದ್ದಾರೆ.

ಇಷ್ಟೆಲ್ಲ ಆದರೂ ಖಾಯಂ ಮುಖ್ಯೋಪಾಧ್ಯಾಯರು ಬರಲಿಲ್ಲ. ಪ್ರಭಾರ ಶಿಕ್ಷಕರಿಂದ ಶಿಕ್ಷಕರಿಗೆ ಸಾಗಿತು. ಶಿಕ್ಷಕರನ್ನೋ ಜನಗಣತಿ, ದನಗಣತಿ, ಹಕ್ಕಿಗಣತಿ ಎಂದು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋದರು. ಕಡೆಗೆ ಮೋಡಗಣತಿಗೆ ಹೋದವರು ಮೋಡವೇ ಕಾಣದೆ ವರ್ಷಗಟ್ಟಲೆ ವಾಪಸು ಬರಲಿಲ್ಲ. ಆಗ ಶಾಲೆಯಲ್ಲಿ ಉಳಿದವರು ಅಡುಗೆಯವರು ಮತ್ತು ಮಕ್ಕಳು. ಅಡುಗೆಯವರಿಗೆ ಕೈತುಂಬ ಕೆಲಸ. ಹಾಗಾಗಿ ಹತ್ತನೆಯ ತರಗತಿಯ ಮಕ್ಕಳು ಚೀಟಿ ಎತ್ತಿ ವಾರಕ್ಕೊಬ್ಬರಂತೆ ಪ್ರಭಾರ ವಹಿಸಿಕೊಂಡರು. ಶಿಕ್ಷಕರು ಮರಳಿ ಬಂದು ನೋಡಿದರೆ ಶಾಲೆ ಚೊಕ್ಕಟವಾಗಿ ನಡೆಯುತ್ತಿತ್ತು. ಮರಳಿ ಕಸಿದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಇದೇ ನಮ್ಮ ವಾರಪ್ರಭಾರ ಪದ್ಧತಿ.

ವಾರದ ಪ್ರಭಾರಿಗೆ ಒಂದೇ ಒಂದು ಆದೇಶ ಹೊರಡಿಸುವ ಹಕ್ಕಿದೆ. ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ನಡೆಯಲೇಬೇಕು, ಶಿಕ್ಷಕರೂ ತಲೆಬಾಗಲೇಬೇಕು. ಒಬ್ಬ ಹುಡುಗ ಶಿಕ್ಷಕರೆಲ್ಲ ಒಬ್ಬರ ವಿಷಯದ ಪರೀಕ್ಷೆಯನ್ನು ಇನ್ನೊಬ್ಬರು ಬರೆಯಬೇಕೆಂದ. ನಾನು ಇತಿಹಾಸದಲ್ಲಿ ಪಡೆದ ಅಂಕವನ್ನು ಇಲ್ಲಿ ಬರೆಯುವುದಿಲ್ಲ, ನೀವು ಇತಿಹಾಸದವರು, ನಿಮಗೆ ನೋವಾಗಬಹುದು. ಒಬ್ಬಳು ವ್ಯಾಯಾಮ ಶಿಕ್ಷಕ ಪರಪ್ಪ ಮಾಸ್ತರರು ದಿನಕ್ಕೊಮ್ಮೆ ನಗಬೇಕೆಂದಳು. ಅವರು ಪಾಪ ಬೆಳಿಗ್ಗೆಯೇ ನಕ್ಕು ಮುಗಿಸಿಬಿಡುತ್ತಿದ್ದರು. ಕೆಲವು ಆದೇಶಗಳು ವಾರಕ್ಕೆ ಬಿದ್ದುಹೋಗುತ್ತವೆ, ಕೆಲವು ಉಳಿಯುತ್ತವೆ. ಕಲಿಸುವವರಿಗಿಂತ ಮೊದಲು ಕಲಿಯುವವರು ಊಟ ಮಾಡಬೇಕು ಎಂಬುದು ಅಂಥ ಒಂದು ಹಳೆಯ ಆದೇಶ.

ಈಗ ಕುರ್ಚಿ. ನಿಮ್ಮ ಕಾಲದ ಆ ಮುಖ್ಯೋಪಾಧ್ಯಾಯರು ಎದ್ದುಹೋದ ಕುರ್ಚಿ ಇನ್ನೂ ಇದೆ. ಅದಕ್ಕೆ ಖಾಯಂ ಕುರ್ಚಿ ಎಂದು ಹೆಸರು. ದಿನಾ ಒರೆಸುತ್ತೇವೆ, ಆಯುಧಪೂಜೆಗೆ ಕುಂಕುಮ ಹಚ್ಚುತ್ತೇವೆ, ಆದರೆ ಯಾರೂ ಕೂರುವುದಿಲ್ಲ. ಪ್ರಭಾರಿ ಕೂರುವುದು ಪಕ್ಕದ ಸ್ಟೂಲಿನ ಮೇಲೆ. ಪರೀಕ್ಷೆಗೆ ಹೋಗುವ ಮಕ್ಕಳು ಕುರ್ಚಿಯ ಕೈ ಮುಟ್ಟಿ ಹೋಗುತ್ತಾರೆ. ತಪಾಸಣೆಗೆ ಬರುವ ಅಧಿಕಾರಿಗಳು ಮೊದಲು ಅದಕ್ಕೆ ನಮಸ್ಕಾರ ಹೇಳಿ ಆಮೇಲೆ ನಮ್ಮ ಮುಖ ನೋಡುತ್ತಾರೆ. ಒಮ್ಮೆ ಬೆಕ್ಕೊಂದು ಅದರ ಮೇಲೆ ಮಲಗಿದ್ದಕ್ಕೆ ವಿಚಾರಣೆ ನಡೆದು, ಬೆಕ್ಕಿಗೆ ಅರ್ಹತೆಯಿಲ್ಲವೆಂದು ತೀರ್ಮಾನವಾಯಿತು.

ಈ ವರ್ಷ ಚೀಟಿಯಲ್ಲಿ ಕೊನೆಯ ವಾರ ಬಂದದ್ದು ದ್ಯಾಮವ್ವ ತಳವಾರ ಎಂಬ ಹುಡುಗಿಗೆ. ಮೂರು ವರ್ಷದಲ್ಲಿ ಈ ಹುಡುಗಿ ನನ್ನ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ. ತಿಳಿಯಿತೇ ಎಂದರೆ ತಲೆಯಾಡಿಸುತ್ತಾಳೆ. ತಿಳಿಯಲಿಲ್ಲವೇ ಎಂದರೂ ಅದೇ ರೀತಿ ತಲೆಯಾಡಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಇವಳು ಎಂಟನೆಯ ತರಗತಿಗೆ ಸೇರಿದ ದಿನದಿಂದ ತನ್ನ ವಾರಕ್ಕಾಗಿ ಕಾದಿದ್ದಳು, ಒಂದೇ ಒಂದು ಆದೇಶವನ್ನು ಎದೆಯಲ್ಲಿಟ್ಟುಕೊಂಡಿದ್ದಳು. ಏನದು ಎಂದು ಗೆಳತಿಯರು ಕಾಡಿ ಬೇಡಿದರೂ ಹೇಳಲಿಲ್ಲ. ಅಡುಗೆಯ ಗಂಗಮ್ಮ ಒಂದು ಹಿಡಿ ಬೆಲ್ಲ ಕೊಟ್ಟು ಕೇಳಿದಳು. ಬೆಲ್ಲ ತಿಂದು ಸುಮ್ಮನಾದಳು. ಅವಳ ವಾರ ಬಾಕಿ ಮಾಸದ ಕೊನೆಯ ವಾರ. ಅದಾದ ಸೋಮವಾರ ಪರೀಕ್ಷೆ, ಆಮೇಲೆ ಅವಳು ಈ ಶಾಲೆಯವಳೇ ಅಲ್ಲ.

ಅವಳ ವಾರಕ್ಕೆ ಮೂರು ದಿನ ಮುಂಚೆ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಖಾಯಂ ಮುಖ್ಯೋಪಾಧ್ಯಾಯರು ನೇಮಕವಾಗಿದ್ದಾರೆ, ದಾವಲಸಾಬ ನದಾಫ್ ಎಂದು ಹೆಸರು, ಸೋಮವಾರ ಬಂದು ಆಸನ ಸ್ವೀಕರಿಸುತ್ತಾರೆ. ಮೊದಲು ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆವು. ಆಮೇಲೆ ಊರೇ ಕುಣಿದಾಡಿತು. ಪರಪ್ಪ ಮಾಸ್ತರರು ಆ ದಿನದ ನಗುವನ್ನು ಎರಡನೆಯ ಸಲ ನಕ್ಕರು. ತೋರಣ, ಡೊಳ್ಳು, ಪೇಟ ಎಂದು ಓಡಾಟ ಶುರುವಾಯಿತು. ಖಾಯಂ ಆದವರು ಮಾಡುವುದೇನು ಎಂಬ ಪ್ರಶ್ನೆಯನ್ನು ಶಿಕ್ಷಕರ ಸಭೆಯಲ್ಲಿ ನಾನು ಎತ್ತಿದೆ. ಹೇಳುಗಲ್ಲನ್ನು ಕೇಳಿದರೆ ಆಡಳಿತ, ಮೇಲ್ವಿಚಾರಣೆ, ಸಮನ್ವಯ ಎಂದಿತು. ಸಮನ್ವಯ ಅಂದರೇನು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಲೆಯಾಡಿಸಿದೆವು.

ಆ ಸಭೆ ಮುಗಿದು ಹೊರಗೆ ಬಂದಾಗ ದ್ಯಾಮವ್ವ ಬೇವಿನ ಮರದ ಕೆಳಗೆ ನಿಂತಿದ್ದಳು. ನಾನು ಮೂರು ವರ್ಷದಲ್ಲಿ ಕೇಳಿದ ಅವಳ ಮೊದಲ ಮಾತು ಅದು.

'ಟೀಚರ್, ಅವರು ಕುಂತ್ರ ನನ್ನ ವಾರ ಹೋಗ್ತೈತೇನ್ರಿ?'

ಹೋಗುತ್ತದೆ. ಖಾಯಂ ಆದವರು ಆಸನ ಸ್ವೀಕರಿಸುವವರೆಗೆ ಮಾತ್ರ ಪ್ರಭಾರ ಎಂದು ಶಕೆಯ ಮೊದಲ ದಿನವೇ ಆದೇಶವಾಗಿದೆ. ಅವರು ಕೂತ ಕ್ಷಣ ಸ್ಟೂಲು ಬರೀ ಸ್ಟೂಲು. ನಾನು ಅವಳಿಗೆ ಏನೂ ಆಗುವುದಿಲ್ಲ ಬಿಡು ಎಂದು ಹೇಳಿ ಮನೆಗೆ ಬಂದೆ. ಇಷ್ಟು ವರ್ಷ ಬಾರದ ಮಹಾಶಯರಿಗೆ ಇನ್ನೊಂದು ವಾರ ತಡೆದು ಬರಲು ಏನಾಗಿತ್ತು ಎಂದು ಗೋಡೆಗೆ ಬೈದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಜೊತೆಗೆ ಆ ಹುಡುಗಿಯ ಮುಖ ನೆನೆದು ಅಳುವೂ ಬಂದಿತ್ತು.

ಮರುದಿನ ಪರಪ್ಪ ಮಾಸ್ತರರನ್ನು ಕರೆದು ಒಂದು ಹಂಚಿಕೆ ಹಾಕಿದೆ. ಪ್ರಾರ್ಥನೆ ಮುಗಿದು ದ್ಯಾಮವ್ವ ಆದೇಶ ಹೇಳುವವರೆಗೆ ನದಾಫ್ ಸರ್ ಶಾಲೆ ಮುಟ್ಟಬಾರದು. ಬಸ್ಸಿನಿಂದ ಇಳಿದ ಕೂಡಲೆ ಹಾರ. ಹಾರದ ಮೇಲೆ ಚಹಾ. ಚಹಾದ ಮೇಲೆ ಮಿರ್ಚಿ ಭಜಿ. ಭಜಿಯ ಮೇಲೆ ಹಿರಿಯರೊಬ್ಬರ ಭಾಷಣ. ನಮ್ಮೂರಿನಲ್ಲಿ ಹಿರಿಯರ ಭಾಷಣ ಶುರುವಾದರೆ ಮುಗಿಸುವುದು ಮಳೆ ಬಂದರೆ ಮಾತ್ರ, ಮಳೆಯಂತೂ ಬರುವುದಿಲ್ಲ. ಹಂಚಿಕೆಯಲ್ಲಿ ಕುಂದೇನೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಡೊಳ್ಳಿನವರೆಲ್ಲ ಬಸ್ ನಿಲ್ದಾಣದಲ್ಲಿ ಬೆವರು ಸುರಿಸುತ್ತಾ ನಿಂತಿದ್ದಾಗ, ನಾನು ಶಾಲೆಗೆ ಬಂದು ನೋಡಿದರೆ ಗೇಟಿನ ಬಳಿ ತೆಳ್ಳಗಿನ ಯುವಕನೊಬ್ಬ ಕೈ ಬೆನ್ನ ಹಿಂದೆ ಕಟ್ಟಿ, ಆಗಾಗ ಗಡಿಯಾರ ನೋಡಿ ಕೆಮ್ಮುತ್ತಾ ನಿಂತಿದ್ದ. ಅವರೇ. ಬಸ್ಸಿಗೆ ಕಾಯದೆ ನಸುಕಿನಲ್ಲೇ ನಡೆದು ಬಂದಿದ್ದರು. ಖಾಯಂ ತರಬೇತಿ ಕೇಂದ್ರದಲ್ಲಿ ಮೂರು ವರ್ಷ ಕಲಿತು ಬಂದವರು. ಅಲ್ಲಿ ಕಲಿಸುವವರೂ ಮುಖ್ಯೋಪಾಧ್ಯಾಯರನ್ನು ಕಣ್ಣಾರೆ ಕಂಡವರಲ್ಲ. ಹಳೆಯ ಚಿತ್ರಗಳನ್ನು ನೋಡಿ ನಿಲ್ಲುವುದು, ಗಡಿಯಾರ ನೋಡುವುದು, ಕೆಮ್ಮುವುದು, ಇಷ್ಟನ್ನು ಚೆನ್ನಾಗಿ ಕಲಿಸಿ ಕಳಿಸಿದ್ದರು.

ಪ್ರಾರ್ಥನೆಯಾಯಿತು. ಬೆಳಗಿನ ಬಿಸಿಲಿನಲ್ಲಿ ಅಂಗಳದ ನಡುವೆ ಖಾಯಂ ಕುರ್ಚಿ, ಅದರ ಕೈಗೆ ಸೇವಂತಿಗೆ ಹಾರ, ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಪಕ್ಕದಲ್ಲಿ ದ್ಯಾಮವ್ವ. ಪದ್ಧತಿಯಂತೆ ಈಗ ಅವಳ ಆದೇಶ. ಅವಳು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಸದ್ದಿಲ್ಲ. ಅಷ್ಟರಲ್ಲಿ ನಿಲ್ದಾಣದಿಂದ ಡೊಳ್ಳಿನವರ ಜೊತೆ ಓಡಿಬಂದ ಊರ ಹಿರಿಯರು, ಇವಳಿಂದ ಆಗುವುದಿಲ್ಲ, ಸರ್ ಬಿಸಿಲಿನಲ್ಲಿ ನಿಂತಿದ್ದಾರೆ, ಕೂರಿಸಿಬಿಡಿ ಎಂದು ಗೊಣಗತೊಡಗಿದರು. ಅವರ ಮಾತು ಕೇಳಿ ನದಾಫ್ ಸರ್ ಒಂದು ಹೆಜ್ಜೆ ಕುರ್ಚಿಯ ಕಡೆ ಬಂದರು. ಡೊಳ್ಳಿನವರು ಕೋಲು ಎತ್ತಿದರು. ದ್ಯಾಮವ್ವ ನನ್ನ ಕಡೆ ನೋಡಿದಳು.

ನನ್ನ ಕೈಯಲ್ಲಿದ್ದದ್ದು ಬುತ್ತಿ ಮಾತ್ರ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಹೋಗಿ ಅದನ್ನು ಖಾಯಂ ಕುರ್ಚಿಯ ನಟ್ಟನಡುವೆ ಇಟ್ಟೆ.

ಒಂದೂವರೆ ಶತಮಾನದಿಂದ ಆ ಕುರ್ಚಿಯ ಮೇಲೆ ಯಾರೂ ಏನೂ ಇಟ್ಟಿರಲಿಲ್ಲ, ಬೆಕ್ಕೊಂದು ಮಲಗಿದ್ದನ್ನು ಬಿಟ್ಟರೆ. ಗಂಗಮ್ಮ ಕೈ ಬಾಯಿಗೆ ಅಡ್ಡ ಹಿಡಿದಳು. ಹಿರಿಯರೊಬ್ಬರು ಅಲ್ಲೇ ಕುಕ್ಕರಿಸಿದರು. ನಾನು ನದಾಫ್ ಸರ್ ಕಡೆ ತಿರುಗಿದೆ.

'ಸ್ವಲ್ಪ ನಿಂದರ್ರಿ ಸರ. ನನ್ನ ಬುತ್ತಿ ಐತಿ ಅಲ್ಲಿ.'

ನದಾಫ್ ಸರ್ ನಿಂತರು. ತರಬೇತಿ ಕೇಂದ್ರದಲ್ಲಿ ಬುತ್ತಿಯ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ. ಅವರು ಬುತ್ತಿಯ ಕಡೆ, ನನ್ನ ಕಡೆ ನೋಡಿ, ಬೇರೇನೂ ತೋಚದೆ ಒಮ್ಮೆ ಗಡಿಯಾರ ನೋಡಿದರು. ಅಷ್ಟರಲ್ಲಿ ದ್ಯಾಮವ್ವ, ಯಾರ ಮುಖವನ್ನೂ ನೋಡದೆ, ಬೇವಿನ ಮರಕ್ಕೆ ಹೇಳುವವಳಂತೆ ಹೇಳಿದಳು.

'ಪಾಠ ಮುಗಿದ ಮ್ಯಾಲೆ ಕಲಿಸಾವ್ರು ಹಲಗಿ ಕಡೆ ಮಾರಿ ಮಾಡಿ ನಿಂದರಬೇಕು. ಹಿಂದಿನಿಂದ ಯಾರಾರ ಇನ್ನೊಮ್ಮೆ ಅಂತಂದ್ರ, ಇನ್ನೊಮ್ಮೆ ಹೇಳ್ಬೇಕು. ಯಾರಂದ್ರು ಅಂತ ತಿರುಗಿ ನೋಡಬಾರದು.'

ಅಷ್ಟೇ. ಮೂರು ವರ್ಷ ಎದೆಯಲ್ಲಿಟ್ಟುಕೊಂಡದ್ದು ಇಷ್ಟು. ಹೇಳಿ ಸ್ಟೂಲಿನ ಮೇಲೆ ಕೂತಳು. ಪರಪ್ಪ ಮಾಸ್ತರರು ಗಾಬರಿಯಲ್ಲಿ ಆ ದಿನದ ನಗುವನ್ನು ಮರೆತಿದ್ದರು. ಇಂಥ ಸಾಧಾರಣ ಆದೇಶಕ್ಕೆ ಇಷ್ಟು ಗದ್ದಲವೇ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ನಾನು ಬುತ್ತಿ ಎತ್ತಿಕೊಂಡು ಹಿಂದೆ ಸರಿದು, ಸರ್ ಇನ್ನು ಕೂರಬಹುದು ಎಂದೆ.

ಅವರು ಕೂರಲಿಲ್ಲ. ಕುರ್ಚಿಯನ್ನು ನೋಡಿದರು. ಕೆಮ್ಮಿದರು, ಆದರೆ ಈ ಸಲದ್ದು ಕೇಂದ್ರದಲ್ಲಿ ಕಲಿತ ಕೆಮ್ಮಾಗಿರಲಿಲ್ಲ.

'ಖಾಯಂ ಹೆಡ್‌ಮಾಸ್ತರ ಅಂದ್ರ ಏನ್ ಮಾಡ್ಬೇಕು ಅನ್ನೋದು ನನಗ ತಿಳಿದಿಲ್ಲ. ಇನ್ನೊಮ್ಮೆ.'

ಆದೇಶ ಜಾರಿಯಾಗಿತ್ತಲ್ಲ. ನಾವು ಶಿಕ್ಷಕರೆಲ್ಲ ಗಡಬಡಿಸಿ, ಹೇಳಿದವರು ಯಾರು ಎಂದು ಕಾಣದ ಹಾಗೆ, ಅಡುಗೆಮನೆಯ ಗೋಡೆಯ ಕಡೆ ಮುಖ ತಿರುಗಿಸಿ ನಿಂತೆವು. ಡೊಳ್ಳಿನವರೂ ತಿರುಗಿದರು. ಹಿರಿಯರನ್ನು ಗಂಗಮ್ಮ ಹೆಗಲು ಹಿಡಿದು ತಿರುಗಿಸಿದಳು. ಹೀಗೆ ಊರಿಗೆ ಊರೇ ಖಾಯಂ ಮುಖ್ಯೋಪಾಧ್ಯಾಯರಿಗೆ ಬೆನ್ನು ಮಾಡಿ ನಿಂತಿತು. ಇಷ್ಟು ಮರ್ಯಾದೆಯ ಸ್ವಾಗತವನ್ನು ಯಾವ ಅಧಿಕಾರಿಯೂ ಪಡೆದಿರಲಾರ. ತೊಂದರೆ ಒಂದೇ. ಇನ್ನೊಮ್ಮೆ ಹೇಳಬೇಕಾದ ನಮಗೂ ಉತ್ತರ ಗೊತ್ತಿರಲಿಲ್ಲ. ಆಗ ನಮ್ಮ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು.

'ಮೊದ್ಲಿಗೆ ಕ್ಲಾಸಿನ್ಯಾಗ ಬಂದು ಕುಂದರ್ರಿ ಸರ. ಏನ್ ತಿಳಿವಲ್ದು ಅನ್ನೋದು ಅಲ್ಲಿ ಗೊತ್ತಾಗ್ತೈತಿ.'

ಅಂದಿನಿಂದ ನದಾಫ್ ಸರ್ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಸೋಮವಾರದ ಮೊದಲ ಪಾಠ ನನ್ನದೇ ಇತ್ತು. ವರ್ಗ ಸಮೀಕರಣ. ಇಪ್ಪತ್ತೆಂಟು ವರ್ಷ ಕಲಿಸಿದ ಪಾಠ, ನಿದ್ದೆಯಲ್ಲೂ ಹೇಳಬಲ್ಲೆ. ಮುಗಿಸಿ ಹಲಗೆಯ ಕಡೆ ಮುಖ ಮಾಡಿ ನಿಂತೆ, ಯಾರೂ ಏನೂ ಅನ್ನುವುದಿಲ್ಲ ಎಂಬ ಜಂಬದಲ್ಲೇ ನಿಂತೆ. ಹಿಂದಿನಿಂದ ಒಂದು ಸಣ್ಣ ದನಿ ಇನ್ನೊಮ್ಮೆ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಬೆಂಚಿಗೆ ಬೆಂಚೇ. ಅವುಗಳ ನಡುವೆ ಮೀಸೆ ಬಂದವರದೊಂದು ದಪ್ಪ ದನಿಯೂ ಇತ್ತು. ನಾನು ತಿರುಗಿ ನೋಡಲಿಲ್ಲ. ಹಾಗಾದರೆ ಇಷ್ಟು ದಿನ ತಲೆಯಾಡಿಸಿದವರು ಯಾರು ಎಂದು ಕೂಗಬೇಕೆನ್ನಿಸಿತು, ಕಣ್ಣಲ್ಲಿ ನೀರೂ ಬಂತು. ಹಲಗೆಯ ಮುಂದೆ ನಿಂತವಳ ಕಣ್ಣು ಹಿಂದಿನವರಿಗೆ ಕಾಣುವುದಿಲ್ಲ ಎಂಬುದು ಈ ಆದೇಶದಲ್ಲಿರುವ ಇನ್ನೊಂದು ಅನುಕೂಲ. ಒರೆಸಿಕೊಂಡು ಇನ್ನೊಮ್ಮೆ ಹೇಳಿದೆ.

ಎಲ್ಲ ತರಗತಿಗಳಲ್ಲೂ ಇದೇ ಕತೆ. ಹಾಗಾಗಿಯೇ ಬಾಕಿ ಮಾಸ ಮುಗಿಯುತ್ತಿಲ್ಲ. ಸಮಾಜ ವಿಜ್ಞಾನದವರು ಮೊದಲ ಪಾಠಕ್ಕೇ ವಾಪಸು ಹೋಗಿದ್ದಾರೆ. ಪಂಚಾಂಗದವರ ಪ್ರಕಾರ ಯುಗಾದಿ ರಸ್ತೆಯಲ್ಲೇ ನಿಂತಿದೆ, ಮಾವು ಹಣ್ಣಾಗಬೇಕೋ ಬೇಡವೋ ಎಂದು ಯೋಚಿಸುತ್ತಿದೆ. ಪರೀಕ್ಷೆ ಮುಂದಕ್ಕೆ ಹೋಯಿತು. ಚೀಟಿಯಲ್ಲಿ ದ್ಯಾಮವ್ವನ ನಂತರ ಹೆಸರಿಲ್ಲ, ಸರ್ ಇನ್ನೂ ಕುರ್ಚಿಯಲ್ಲಿ ಕೂತಿಲ್ಲ, ಆದ್ದರಿಂದ ಮುಂದಿನ ಆದೇಶದವರೆಗೆ ದ್ಯಾಮವ್ವನೇ ಪ್ರಭಾರಿ. ಒಂದು ವಾರವಾದರೂ ಸಿಗಲಿ ಎಂದು ಹಂಬಲಿಸಿದವಳಿಗೆ ಎಷ್ಟನೆಯ ವಾರ ನಡೆಯುತ್ತಿದೆಯೋ. ಈಗ ಸ್ವಲ್ಪ ಜಾಸ್ತಿಯೇ ಮಾತಾಡುತ್ತಾಳೆ ಎಂದು ಗಂಗಮ್ಮ ದೂರುತ್ತಾಳೆ. ನದಾಫ್ ಸರ್ ತಮಗೆ ತಿಳಿದಷ್ಟನ್ನು ಮಾಡತೊಡಗಿದ್ದಾರೆ. ಕೆಳಗಿನ ತರಗತಿಗಳ ದೀಪ ಸರಿಮಾಡಿಸಿದರು, ಮೋಡಗಣತಿಗೆ ಶಿಕ್ಷಕರನ್ನು ಕಳಿಸುವುದಿಲ್ಲ ಎಂದು ಮೇಲಿನ ಕಚೇರಿಗೆ ಖಡಾಖಂಡಿತ ಹೇಳಿದರು. ಎಲ್ಲ ತಿಳಿದ ಮೇಲೆ ಕೂರುತ್ತಾರಂತೆ. ನಾವು ಅವಸರ ಮಾಡುತ್ತಿಲ್ಲ.

ಸಮಿತಿಯ ಹಿರಿಯರೇ, ನಮ್ಮ ಒಂದೇ ಬೇಡಿಕೆ ಇದು. ನಿಮ್ಮ ಸಭೆಯಲ್ಲಿ ಪ್ರೌಢಶಾಲೆಗಳ ಬಗ್ಗೆ ಒಳ್ಳೊಳ್ಳೆಯ ಮಾತು ಆಡಿದ್ದೀರಿ, ನಾವು ಅವನ್ನೆಲ್ಲ ಓದಿ ತಲೆಯಾಡಿಸಿದ್ದೇವೆ. ಇಷ್ಟು ವರ್ಷ ತಲೆಯಾಡಿಸಿದ್ದೇವೆ. ಆದರೆ ಆ ಕುರ್ಚಿಯನ್ನು ಖಾಲಿ ಬಿಟ್ಟು, ಮುಂದಿನ ಆದೇಶದವರೆಗೆ ಎಂದು ಬರೆದು, ಆಮೇಲೆ ನೀವು ಎಲ್ಲಿಗೆ ಹೋದಿರಿ ಎಂಬುದು ಮಾತ್ರ ನಮಗೆ ತಿಳಿಯಲಿಲ್ಲ. ಉತ್ತರ ಕಳಿಸಲು ಹಿಂದಂಚೆಯ ತೊಂದರೆ ನಿಮಗಿಲ್ಲ. ನೀವು ಈಗ ಮಾಡಿದ್ದು ಸುಮ್ಮನೆ ಬಿಟ್ಟರೂ ನಡೆದುಕೊಂಡು ನಮ್ಮಲ್ಲಿಗೆ ಬರುತ್ತದೆ.

ನೀವು ಹಲಗೆಯ ಕಡೆ ಮುಖ ಮಾಡಿ ನಿಂತಿದ್ದೀರಿ. ನಾವೆಲ್ಲ ನಿಮ್ಮ ಬೆನ್ನ ಹಿಂದೆ, ಬೆಂಚಿನಲ್ಲಿ ಕೂತಿದ್ದೇವೆ. ಯಾರದು ಎಂದು ತಿರುಗಿ ನೋಡಬೇಡಿ.

ಇನ್ನೊಮ್ಮೆ.

ಫಕೀರವ್ವ ಮೆಣಸಿನಕಾಯಿ
ಪ್ರಭಾರಿ ದ್ಯಾಮವ್ವ ತಳವಾರ ಇವರ ಅಪ್ಪಣೆಯ ಮೇರೆಗೆ